ಸಾಬಣ್ಣನಿಗಿಂತ ಎರಡು ದಿನ ಮುಂಚೆ

ಕಾಳಪ್ಪ ಕಂಬಾರ ಸತ್ತು ಒಂಬತ್ತು ವರ್ಷವಾಯಿತು. ಮಗ ಮೌನೇಶನ ಸಿಟ್ಟು ಮಾತ್ರ ಇನ್ನೂ ಸತ್ತಿಲ್ಲ. ಶಹಾಪುರದಲ್ಲಿ ಸುರಪುರ ರಸ್ತೆಗೆ ಹತ್ತಿಕೊಂಡಿರುವ ಅವನ ಕುಲುಮೆಯ ಮುಂದೆ ಕೊಡಲಿ ಹರಿತ ಮಾಡಿಸಲು ಕೂತವರು ಯಾರೇ ಇರಲಿ, ಆ ಕಥೆ ಕೇಳದೆ ಎದ್ದು ಹೋದದ್ದಿಲ್ಲ. ಸಾಯುವ ಹಿಂದಿನ ವರ್ಷ ಕಾಳಪ್ಪ ತನ್ನ ಠಸ್ಸೆಯನ್ನು ಹೆತ್ತ ಮಗನಿಗೆ ಕೊಡದೆ ಸಾಬಣ್ಣನಿಗೆ ಕೊಟ್ಟ. ಆ ಠಸ್ಸೆ ಬೆರಳುದ್ದದ ಒಂದು ಉಕ್ಕಿನ ತುಂಡು. ಅದರ ತುದಿಯಲ್ಲಿ ಮೂರು ಚುಕ್ಕಿ, ಮೇಲೊಂದು ಅರ್ಧಚಂದ್ರ. ಕಾದ ಕುಡಗೋಲಿನ ಬುಡಕ್ಕೆ ಅದನ್ನಿಟ್ಟು ಒಂದು ಪೆಟ್ಟು ಹಾಕಿದರೆ ಸಾಕು, ಅದು ಕಾಳಪ್ಪನ ಮಾಲು. ಹುಣಸಗಿಯ ಸಂತೆಯಿಂದ ಹತ್ತಿಕುಣಿಯ ಹೊಲಗಳವರೆಗೆ ಆ ಗುರುತು ಕಂಡವರು ಚೌಕಾಸಿ ಮಾಡುತ್ತಿರಲಿಲ್ಲ.

ಸಾಬಣ್ಣ ಹುಟ್ಟಿನಿಂದ ಕಂಬಾರನೂ ಅಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಕಾಳಪ್ಪನ ಕುಲುಮೆಗೆ ತಿದಿ ಒತ್ತಲು ಬಂದವನು. ಎಂಟು ವರ್ಷ ಗಾಳಿ ಊದಿದ, ಸುತ್ತಿಗೆ ಹಿಡಿದ, ಆಮೇಲೆ ಸುರಪುರಕ್ಕೆ ಹೋಗಿ ರಂಗಂಪೇಟೆಯಲ್ಲಿ ತನ್ನದೇ ಕುಲುಮೆ ಹಾಕಿಕೊಂಡ.

"ಹೊಟ್ಟಿಯಾಗ ಹುಟ್ಟಿದ ಮಗ ಎದುರಿಗಿದ್ದಾಗ, ತಿದಿ ಒತ್ತಾಕ ಬಂದಾವಗ ಠಸ್ಸೆ ಕೊಟ್ಟಾನಲ್ರಿ ನಮ್ಮಪ್ಪ. ಇದಕ್ಕೇನಂತೀರಿ?" ಎಂದು ಮೌನೇಶ ಕೇಳುತ್ತಾನೆ. ಆ ಹೊತ್ತಿಗೆ ಕೊಡಲಿ ಅವನ ಕೈಯಲ್ಲಿ ಇರುತ್ತದೆಯಾದ್ದರಿಂದ ಎದುರಿಗೆ ಕೂತವರು "ಖರೇ ಅದ ಬಿಡ್ರಿ" ಎನ್ನುತ್ತಾರೆ.

ಠಸ್ಸೆ ಕೊಡುವ ದಿನ ಕಾಳಪ್ಪ ಹೆಚ್ಚು ಮಾತಾಡಿರಲಿಲ್ಲ. ಅವನು ಯಾವ ದಿನವೂ ಹೆಚ್ಚು ಮಾತಾಡಿದವನಲ್ಲ. "ನಿನ್ನ ಕೈಯಾಗ ಹದ ಇಲ್ಲ" ಎಂದಷ್ಟೇ ಮಗನಿಗೆ ಹೇಳಿದ. ಕಂಬಾರನಿಗೆ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಕಾದ ಕಬ್ಬಿಣವನ್ನು ನೀರಿಗೆ ಅದ್ದಿ ಗಟ್ಟಿ ಮಾಡುವುದೇ ಹದ. ಹದ ಕಡಿಮೆಯಾದರೆ ಅಲಗು ಬಾಗುತ್ತದೆ, ಹೆಚ್ಚಾದರೆ ಗಾಜಿನಂತೆ ಸಿಡಿಯುತ್ತದೆ. ಮೌನೇಶನ ಕುಡಗೋಲುಗಳು ಸಿಡಿಯುತ್ತಿದ್ದವು. ನೋಡಲು ಚೆಂದ, ಮೊದಲ ದಿನ ಹರಿತವೂ ಚೆಂದ. ನಾಲ್ಕು ದಿನ ಜೋಳ ಕೊಯ್ದರೆ ಅಲಗಿನಲ್ಲಿ ಇಲಿ ಕಡಿದಂತೆ ಹಲ್ಲು ಬೀಳುತ್ತಿತ್ತು. ಜನ ವಾಪಸು ತರುತ್ತಿದ್ದರು. ಅವನು ಅವರ ಮೇಲೆಯೇ ಹರಿಹಾಯುತ್ತಿದ್ದ: "ಜ್ವಾಳ ಕೊಯ್ದೀರೋ, ಕಲ್ಲು ಕೊಯ್ದೀರೋ?"

ತನಗೆ ಹದ ಬರುವುದಿಲ್ಲ ಎಂದು ಮೌನೇಶ ಎಂದೂ ಒಪ್ಪಿಕೊಳ್ಳಲಿಲ್ಲ. ಅಪ್ಪ ಏನೋ ಒಂದು ಗುಟ್ಟು ಮುಚ್ಚಿಟ್ಟು ಅದನ್ನು ಸಾಬಣ್ಣನ ಕಿವಿಯಲ್ಲಿ ಮಾತ್ರ ಊದಿದ್ದಾನೆ ಎಂಬುದು ಅವನ ಗಟ್ಟಿ ನಂಬಿಕೆ. ಆ ಗುಟ್ಟು ಹಿಡಿಯಲೆಂದೇ ಬೇರೊಬ್ಬನ ಕೈಯಿಂದ ಹುಣಸಗಿ ಸಂತೆಯಲ್ಲಿ ಸಾಬಣ್ಣನ ಒಂದು ಕುಡಗೋಲು ತರಿಸಿ, ಕುಲುಮೆಯ ಹಿಂದೆ ಗೋಣಿತಟ್ಟಿನಲ್ಲಿ ಸುತ್ತಿ ಇಟ್ಟುಕೊಂಡಿದ್ದ. ಯಾರೂ ಇಲ್ಲದಾಗ ತೆಗೆಯುವುದು, ಮೂಸುವುದು, ಉಗುರಿನಿಂದ ಬಾರಿಸಿ ಕಿವಿಗೆ ಹಿಡಿಯುವುದು, ಸಾಣೆಕಲ್ಲಿಗೆ ತಿಕ್ಕುವುದು. ತಿಕ್ಕಿ ತಿಕ್ಕಿ ಅದು ಕನ್ನಡಿಯಂತಾಗಿತ್ತು. ಅಲಗಿನ ಉದ್ದಕ್ಕೂ ಹಾಲಿನ ಕೆನೆಯಂಥದೊಂದು ಗೆರೆ ಕಾಣುತ್ತಿತ್ತು. ಅದನ್ನು ಅವನು ಕಲೆ ಎಂದುಕೊಂಡು ಇನ್ನಷ್ಟು ತಿಕ್ಕಿದ್ದ. ಅದು ಹೋಗಿರಲಿಲ್ಲ.

ಕಳೆದ ವರ್ಷ ಸುಗ್ಗಿಗೆ ಮುಂಚೆ ಒಂದು ದಿನ ಮೌನೇಶ ಅಬ್ದುಲ್ ಕರೀಮನ ಗುಜರಿ ಅಂಗಡಿಯಲ್ಲಿ ಮುರಿದ ಲಾರಿಗಳ ಕಮಾನು ಪಟ್ಟಿ ಆರಿಸುತ್ತಿದ್ದ. ಆ ಪಟ್ಟಿಯಿಂದಲೇ ಈ ಕಡೆಯ ಕಂಬಾರರೆಲ್ಲ ಕುಡಗೋಲು ಬಡಿಯುವುದು. ಕರೀಮ ಚಹಾ ಬಸಿಯಲ್ಲಿ ಹಾಕಿಕೊಂಡು ಊದುತ್ತ, "ಕೇಳ್ದೆನಪಾ, ನಿಮ್ಮ ಸಾಬಣ್ಣ ಹೈದರಾಬಾದಿಗೆ ಹೊಂಟಾನ" ಎಂದ.

"ನಮ್ಮ ಸಾಬಣ್ಣ ಯಾಕ ಆಗ್ತಾನ್ರಿ ಅವ? ನಿಮ್ಮ ಸಾಬಣ್ಣ ಅನ್ರಿ."

"ಆಯ್ತು, ನನ್ನ ಸಾಬಣ್ಣ. ಅಲ್ಲಿ ಜಪಾನಿನ ಹಳೀ ಚಿತ್ರ, ಹಳೀ ಸಾಮಾನು ಎಲ್ಲಾ ತಂದು ಇಟ್ಟಾರಂತ. ಐದುನೂರು ವರ್ಷದ ಕತ್ತಿ ಅದಾವಂತ. ಸುರಪುರದ ಬುದ್ಧಪ್ರಿಯ ಮಾಸ್ತರು ಇವನ್ನ ಕರಕೊಂಡು ಹೊಂಟಾರ, ಶುಕ್ರವಾರ. ಇಂಥಾ ಕೈ ಇರೋ ಮನಿಷಾ ಅದನ್ನ ನೋಡಬೇಕು ಅಂದ್ರಂತ ಮಾಸ್ತರು."

ಇಂಥಾ ಕೈ. ಮೌನೇಶನ ಕೈಯಲ್ಲಿದ್ದ ಪಟ್ಟಿ ಕೆಳಗೆ ಬಿದ್ದು ಖಣ್ಣೆಂದಿತು. ಹೈದರಾಬಾದಿನ ಬಸ್ಸು ಹಿಡಿಯಲು ಮಾಸ್ತರು ಸುರಪುರದಿಂದ ಯಾದಗಿರಿಗೆ ಹೋಗಬೇಕಾದರೆ ಶಹಾಪುರ ದಾಟಿಯೇ ಹೋಗಬೇಕು. ಅಂದರೆ ಬಸ್ಸು ಮೌನೇಶನ ಕುಲುಮೆಯ ಮುಂದೆಯೇ ಹಾಯುತ್ತದೆ. ಕಿಟಕಿಯ ಬಳಿ ಸಾಬಣ್ಣ ಕೂತಿರುತ್ತಾನೆ. ವಾಪಸು ಬಂದ ಮೇಲೆ ಸಂತೆಯಲ್ಲಿ ಎಲ್ಲರೂ ಜಪಾನು ನೋಡಿ ಬಂದ ಸಾಬಣ್ಣ ಎನ್ನುತ್ತಾರೆ. ಇದ್ದಬದ್ದ ಗಿರಾಕಿಯೂ ಅತ್ತ ಹೋಗುತ್ತದೆ.

"ಇವತ್ತು ಯಾವ ವಾರ್ರಿ?" ಎಂದು ಕೇಳಿದ.

"ಮಂಗಳವಾರ."

ಬುಧವಾರ ಬೆಳಗಿನ ಬಸ್ಸಿಗೆ ಮೌನೇಶ ಹೊರಟ. ಹೆಂಡತಿ ಅಂಜನಾ ಬಾಗಿಲಲ್ಲಿ ನಿಂತಿದ್ದಳು.

"ಎಲ್ಲಿಗೆ ಹೊಂಟೀರಿ?"

"ಯಾದಗಿರಿಗೆ. ಪಟ್ಟಿ ನೋಡಾಕ."

"ಪಟ್ಟಿ ನೋಡಾಕ ಇಸ್ತ್ರಿ ಅಂಗಿ ಯಾಕ್ರಿ? ಹೆಣ್ಣು ನೋಡಾಕ ಹೊಂಟಂಗ ಹೊಂಟೀರಲ್ಲ."

"ನೀ ಒಳಗ ಹೋಗು" ಎಂದು ಗುಡುಗಿ ಚೀಲ ಹೆಗಲಿಗೇರಿಸಿದ. ಚೀಲದಲ್ಲಿ ಎರಡು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮತ್ತು ಗೋಣಿತಟ್ಟಿನಲ್ಲಿ ಸುತ್ತಿದ ಎರಡು ಕುಡಗೋಲು: ಒಂದು ಅವನದು, ಇನ್ನೊಂದು ಸಾಬಣ್ಣನದು. ಜಪಾನಿನ ಕತ್ತಿಯ ಪಕ್ಕದಲ್ಲಿ ಎರಡನ್ನೂ ಹಿಡಿದು ನೋಡಬೇಕು, ಯಾರ ಹದ ಅದಕ್ಕೆ ಹತ್ತಿರವೆಂದು ತೀರ್ಮಾನವಾಗಿ ಹೋಗಲಿ ಎಂಬುದು ಅವನ ಲೆಕ್ಕ.

ಯಾದಗಿರಿಯಲ್ಲಿ ಹೈದರಾಬಾದಿನ ಬಸ್ಸು ಸಿಕ್ಕಿತು. ಜೊತೆಗೆ ಊರವರು ಯಾರೂ ಇಲ್ಲದೆ ಹಿಂದಿನ ಸೀಟಿನಲ್ಲಿ ಕೂತ. ಮದುವೆಗೆ, ಮಣ್ಣಿಗೆ, ತಿಂಥಣಿಯ ಮೌನೇಶ್ವರನ ದರ್ಶನಕ್ಕೆ ಬಿಟ್ಟರೆ ಅವನು ಊರು ಬಿಟ್ಟು ಹೋದವನಲ್ಲ. ಹೋದಾಗಲೂ ಸುತ್ತ ಹತ್ತು ಜನ ಇರುತ್ತಿದ್ದರು. ಗುರುಮಠಕಲ್ ದಾಟಿ ಬೋರ್ಡುಗಳೆಲ್ಲ ತೆಲುಗಿಗೆ ತಿರುಗಿದಾಗ ಎದೆಯಲ್ಲೊಂದು ಹಗುರ ಬಂತು. ಯಾರಿಗೂ ಹೇಳದೆ ಬಂದಿದ್ದೇನೆ, ಸಾಬ್ಯಾನಿಗಿಂತ ಎರಡು ದಿನ ಮುಂಚೆ ನೋಡುತ್ತೇನೆ. ಶುಕ್ರವಾರ ಅವನ ಬಸ್ಸು ಹಾಯುವಾಗ ಕುಲುಮೆಯ ಮುಂದೆ ನಿಂತು, ನೋಡೋದೇನೂ ಇಲ್ಲ ಹೋಗೋ, ನಾ ನೋಡಿ ಬಂದೀನಿ ಎನ್ನಬೇಕು. ಈ ಮಾತನ್ನು ಬಾಯಲ್ಲೇ ನಾಲ್ಕು ಸಲ ತಿರುವಿ ರುಚಿ ನೋಡಿದ. ಪಕ್ಕದಲ್ಲಿದ್ದ ಮುದುಕಿ ಸ್ವಲ್ಪ ಸರಿದು ಕೂತಳು.

ಪ್ರದರ್ಶನದ ಬಾಗಿಲಿನಲ್ಲಿ ಮೊದಲ ತಕರಾರು. ಕಾವಲುಗಾರ ಚೀಲ ಬಿಚ್ಚಿದ, ರೊಟ್ಟಿ ತೆಗೆದ, ಗೋಣಿತಟ್ಟು ಬಿಚ್ಚಿದ. ಎರಡು ಕುಡಗೋಲು ಹೊರಬಂದದ್ದೇ ತಡ, ಹಿಂದೆ ಸಾಲಿನಲ್ಲಿದ್ದವರು ನಾಲ್ಕು ಹೆಜ್ಜೆ ಹಿಂದಾದರು.

"ಇದೇನಿದು? ಯಾರನ್ನ ಕಡೀಲಿಕ್ಕೆ ಬಂದೆ?" ಎಂದು ಅವನು ಉರ್ದುವಿನಲ್ಲಿ ಕೇಳಿದ. ಗುಜರಿ ಅಂಗಡಿಗಳಲ್ಲಿ ಅರ್ಧ ಆಯುಷ್ಯ ಕಳೆದ ಮೌನೇಶನಿಗೆ ಉರ್ದು ಕಷ್ಟವಲ್ಲ.

"ಒಳಗೆ ಮನಿಷ್ಯಾರನ್ನ ಕಡಿಯೋ ಕತ್ತಿ ಇಟ್ಟು ಟಿಕೀಟು ಹಚ್ಚೀರಿ. ನಂದು ಹುಲ್ಲು ಕೊಯ್ಯೋದು. ಇದಕ್ಕ ಹೆದರ್ತೀರಿ?" ಎಂದು ಅವನು ಉರ್ದುವನ್ನೂ ಕನ್ನಡವನ್ನೂ ಕಲಸಿ ಹೇಳಿದ. ಅಷ್ಟರಲ್ಲಿ ಕೊರಳಲ್ಲಿ ಗುರುತಿನ ಚೀಟಿ ಹಾಕಿಕೊಂಡ ಒಬ್ಬ ಹುಡುಗಿ ಬಂದಳು. ನಗು ತಡೆದುಕೊಂಡು, "ನೀವು ಯಾದಗಿರಿ ಕಡೆಯವರೇನ್ರಿ? ನಮ್ಮ ಅಮ್ಮನ ತವರು ಗುರುಮಠಕಲ್" ಎಂದಳು. ಅವಳ ಹೆಸರು ಫರ್ಹತ. ಬಂದವರಿಗೆ ಒಳಗಿನ ವಸ್ತುಗಳನ್ನು ವಿವರಿಸುವುದು ಅವಳ ಕೆಲಸ. ಕುಡಗೋಲುಗಳನ್ನು ಕೌಂಟರಿನಲ್ಲಿ ಇರಿಸಿ, ಒಂದು ಬಿಲ್ಲೆ ಅವನ ಕೈಗೆ ಕೊಡಿಸಿ, "ಬರ್ರಿ ಚಾಚಾ, ಒಳಗ ತಂಪು ಅದ" ಎಂದು ಕರೆದುಕೊಂಡು ಹೋದಳು.

ಒಳಗೆ ಮೊದಲು ಚಿತ್ರಗಳು. ಮಡಿಚಿಡುವ ತೆರೆಗಳ ಮೇಲೆ ಬಂಗಾರದ ರೇಕು ಹಚ್ಚಿ ಕೊಕ್ಕರೆಗಳನ್ನು ಬರೆದಿದ್ದರು. ಆಮೇಲೆ ಮರದ ಅಚ್ಚಿನಿಂದ ಒತ್ತಿದ ಸಮುದ್ರ, ಮಳೆಯಲ್ಲಿ ಓಡುವ ಕೂಲಿಗಳು, ಕೊಡೆ ಹಿಡಿದ ಹೆಂಗಸರು. ಮಳೆಯನ್ನು ಬರೀ ಗೆರೆ ಎಳೆದು ತೋರಿಸಿದ್ದಾರಲ್ಲ ಎಂದು ಒಂದು ಗಳಿಗೆ ನಿಂತ. ಆದರೆ ಅವನ ಕಣ್ಣು ಕತ್ತಿಯನ್ನೇ ಹುಡುಕುತ್ತಿತ್ತು.

ಕತ್ತಿಗಳು ಕೊನೆಯ ಕೋಣೆಯಲ್ಲಿದ್ದವು. ಹಿಡಿ ಕಳಚಿ, ಬರೀ ಅಲಗನ್ನು ಬಿಳಿ ಬಟ್ಟೆಯ ಮೇಲೆ ಮಲಗಿಸಿ, ಮೇಲಿನಿಂದ ಬೆಳಕು ಬಿಟ್ಟಿದ್ದರು. ಮೌನೇಶ ಗಾಜಿಗೆ ಹಣೆ ಹಚ್ಚಿದ. ಐದುನೂರು ವರ್ಷದ ಅಲಗಿನಲ್ಲಿ ಒಂದು ಹಲ್ಲು ಬಿದ್ದಿಲ್ಲ. ಮೆಚ್ಚುಗೆ ಬರುವುದಕ್ಕೆ ಮೊದಲೇ ಹೊಟ್ಟೆಯಲ್ಲಿ ಉರಿ ಎದ್ದಿತು. ಮಾಡಿದವನು ಎಂದೋ ಮಣ್ಣಾಗಿದ್ದಾನೆ. ಆದರೂ ಅವನಿಗೆ ಈ ಬೆಳಕು, ಈ ಬಟ್ಟೆ, ಈ ತಂಪು ಕೋಣೆ. ತಾನು ಮಾಡಿದ್ದು ನಾಲ್ಕನೆಯ ದಿನಕ್ಕೆ ವಾಪಸು ಬರುತ್ತದೆ.

ಹಿಡಿಯೊಳಗೆ ಹೋಗುವ ಬುಡದಲ್ಲಿ ಕಪ್ಪು ತುಕ್ಕು ಹಿಡಿದಿತ್ತು. "ಇದನ್ನ ಯಾಕ ಒರೆಸಿಲ್ಲ? ಸೋಮಾರಿಗಳೇನು?" ಎಂದು ಕೇಳಿದ, ಒಂದು ತಪ್ಪಾದರೂ ಸಿಕ್ಕಿತೆಂಬ ಸಮಾಧಾನದಿಂದ.

"ಒರೆಸಬಾರದ್ರಿ. ಆ ತುಕ್ಕು ನೋಡಿನೇ ಎಷ್ಟು ಹಳೇದು ಅಂತ ತಿಳೀತದ. ಅದರಾಗ ಮಾಡಿದವನ ಹೆಸರು ಕೆತ್ತಿರ್ತದ, ನೋಡ್ರಿ." ತುಕ್ಕಿನೊಳಗೆ ಉಳಿಯಿಂದ ಹೊಡೆದ ಸಣ್ಣ ಅಕ್ಷರಗಳಿದ್ದವು. ಮೌನೇಶ ಅವನ್ನು ಬಹಳ ಹೊತ್ತು ನೋಡಿದ.

ಆಮೇಲೆ ಕಣ್ಣು ಅಲಗಿಗೆ ಹೋಯಿತು. ಅಲಗಿನ ಉದ್ದಕ್ಕೂ, ಹರಿತದ ಪಕ್ಕದಲ್ಲಿ, ಹಾಲಿನ ಕೆನೆಯಂಥ ಗೆರೆ.

"ಈ ಬಿಳೀ ಗೆರಿ ಏನದು?"

"ಅದಾ ಇವರ ಕೈಚಳಕ. ನೀರಿಗೆ ಅದ್ದೋಕಿಂತ ಮುಂಚೆ ಕತ್ತಿಗೆ ಮಣ್ಣು ಮೆತ್ತತಿದ್ರು. ಬೆನ್ನಿಗೆ ದಪ್ಪ, ಹರಿತಕ್ಕ ತೆಳ್ಳಗ. ಮಣ್ಣು ದಪ್ಪ ಇದ್ದಲ್ಲಿ ನಿಧಾನ ಆರತದ, ಮೆತ್ತಗಿರತದ. ಹರಿತ ಲಗು ಆರಿ ಗಟ್ಟಿ ಆಗತದ. ಅದಕ್ಕ ಕತ್ತಿ ಬಾಗಂಗೂ ಇಲ್ಲ, ಸಿಡಿಯಂಗೂ ಇಲ್ಲ. ಆ ಗಡಿನೇ ಈ ಗೆರಿ."

ಮೌನೇಶ ಅಲ್ಲಿದ್ದ ಬೆಂಚಿನ ಮೇಲೆ ಕೂತುಬಿಟ್ಟ. ಅಪ್ಪನ ಕುಲುಮೆಯ ಎಡಕ್ಕೆ ಇದ್ದ ಒಡಕು ಗಡಿಗೆ ಕಣ್ಣಿಗೆ ಕಟ್ಟಿತು. ಅದರಲ್ಲಿ ಶಿರವಾಳದ ಕಡೆಯಿಂದ ಸೈಕಲ್ಲಿನಲ್ಲಿ ತಂದ ಎರೆಮಣ್ಣು, ಬೂದಿ, ಇದ್ದಿಲ ಪುಡಿ ಕಲಸಿ ಇಟ್ಟಿರುತ್ತಿದ್ದ ಅಪ್ಪ. ಕುಡಗೋಲು ಬಡಿದಾದ ಮೇಲೆ ಎರಡು ಬೆರಳಿನಿಂದ ಬೆನ್ನಿಗೆ ಅದನ್ನು ಸವರಿ, ಕಾಯಿಸು ಎಂದು ಮಗನ ಕೈಗೆ ಕೊಡುತ್ತಿದ್ದ. ಕಬ್ಬಿಣ ಸ್ವಚ್ಛವಾಗಿದ್ದರೇ ನೀರು ಚೆನ್ನಾಗಿ ಹಿಡಿಯುತ್ತದೆಂದು ಯಾರೋ ಹೇಳಿದ್ದನ್ನು ನಂಬಿದ ಮೌನೇಶ, ಪ್ರತಿ ಸಲ ಗೋಣಿತಟ್ಟಿನಿಂದ ಆ ಮಣ್ಣನ್ನು ಒರೆಸಿ ಬೆಂಕಿಗಿಡುತ್ತಿದ್ದ. "ಒರೆಸಬ್ಯಾಡ" ಎಂದು ಅಪ್ಪ ಒಂದು ಸಲ ಹೇಳಿದ್ದು ನಿಜ. "ಕೆಸರು ಹತ್ತಿದ ಮಾಲು ಯಾರು ತಗೋತಾರ?" ಎಂದು ಇವನು ತಿರುಗಿ ಬಿದ್ದಿದ್ದ. ಕಾಳಪ್ಪ ಒಂದು ಮಾತನ್ನು ಎರಡು ಸಲ ಆಡುವ ಮನುಷ್ಯನಲ್ಲ. ತಿದಿಯ ಹತ್ತಿರ ಕೂತ ಸಾಬಣ್ಣ ನೋಡುತ್ತಿದ್ದ. ಅವನ ಪಾಲಿನ ಕುಡಗೋಲನ್ನು ಅವನು ಒರೆಸುತ್ತಿರಲಿಲ್ಲ. ಅವನು ಕಲಿತದ್ದು ಅಷ್ಟೇ.

ಗುಟ್ಟೇ ಇರಲಿಲ್ಲ. ದಿನಕ್ಕೆ ಹತ್ತು ಸಲ ಅಪ್ಪ ತನ್ನ ಕೈಗೇ ಇಟ್ಟದ್ದನ್ನು ತಾನೇ ಒರೆಸಿ ಚೆಲ್ಲಿದ್ದ.

ಇಷ್ಟು ತಿಳಿದ ಮೇಲೆ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಯಾರ ಮೇಲೆ ಹಾಕಬೇಕೆಂದು ತಿಳಿಯದೆ ಅದು ಇನ್ನಷ್ಟು ಕುದಿಯಿತು. ಕಡೆಗೆ ಹಳೆಯ ದಾರಿಯಲ್ಲೇ ಹರಿದು ಸಾಬಣ್ಣನ ಹತ್ತಿರ ಹೋಯಿತು. ಅವನಿಗೆ ಗೊತ್ತಿತ್ತಲ್ಲ, ಹೇಳಬಾರದಿತ್ತೇ? ಸುಮ್ಮನೆ ನೋಡಿಕೊಂಡು ಕೂತ ಕಳ್ಳ.

ಹೊರಗೆ ಬಂದಾಗ ಫರ್ಹತಳೂ ಜೊತೆಗೆ ಬಂದಳು. ಚಾಚಾ ತಂದ ಕುಡಗೋಲನ್ನು ಸರಿಯಾಗಿ ನೋಡಬೇಕು ಎಂದಳು. ಕೌಂಟರಿನಲ್ಲಿ ಗೋಣಿತಟ್ಟು ಬಿಚ್ಚಿದರು. ಮೌನೇಶನದು ಒಂದು ಬದಿಗೆ ಬಿದ್ದಿತ್ತು. ಅವಳು ಎತ್ತಿಕೊಂಡದ್ದು ಸಾಬಣ್ಣನದನ್ನು. ಕಿಟಕಿಯ ಬೆಳಕಿಗೆ ಹಿಡಿದಳು. ಅವಳ ಹುಬ್ಬು ಮೇಲೇರಿತು.

"ಚಾಚಾ, ಇದರಾಗೂ ಆ ಗೆರಿ ಅದ."

ಮೌನೇಶ ಗೋಣಿತಟ್ಟು ಮಡಚತೊಡಗಿದ.

"ಇಲ್ಲೊಂದು ಗುರುತು ಅದ ನೋಡ್ರಿ, ಮೂರು ಚುಕ್ಕಿ, ಚಂದ್ರ. ಇದು ಯಾರದು?"

"ನಮ್ಮಪ್ಪಂದು" ಎಂದ. ಅದು ಸುಳ್ಳಲ್ಲ.

"ಏನು ಹೆಸರು ಅವರದು?"

"ಕಾಳಪ್ಪ."

"ಹಂಗಾದ್ರ ಇದು ನಿಮ್ಮ ಮನೀ ಕೆಲಸ. ನೀವಾ ಮಾಡಿದ್ದು?"

ಇಲ್ಲ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಕಾವಲುಗಾರನೂ ಬಗ್ಗಿ ನೋಡಿದ, ಟಿಕೀಟಿನ ಸಾಲಿನಲ್ಲಿದ್ದ ಇಬ್ಬರು ಮುದುಕರೂ ಬಂದರು. ಒಬ್ಬರು ಅಲಗಿನ ಮೇಲೆ ಹೆಬ್ಬೆರಳು ಆಡಿಸಿ "ವಾ" ಎಂದರು. ಇಪ್ಪತ್ತೈದು ವರ್ಷ ಸುತ್ತಿಗೆ ಹೊಡೆದ ಮೌನೇಶನಿಗೆ ಯಾರೂ ಹಾಗೆ ವಾ ಅಂದಿರಲಿಲ್ಲ.

"ಹೂಂ. ನಾನೇ ಮಾಡಿದ್ದು" ಎಂದ.

ಫರ್ಹತ ಫೋನು ತೆಗೆದಳು. ಕುಡಗೋಲು ಎದೆಗೆ ಹಿಡಿದು ನಿಂತ ಅವನ ಫೋಟೋ ಹೊಡೆದಳು. ಈ ಕಡೆಯ ಕಬ್ಬಿಣದ ಕೆಲಸದ ಬಗ್ಗೆ ತಾನೊಂದು ಚಿಕ್ಕ ಪುಸ್ತಕ ಬರೆಯುತ್ತಿದ್ದೇನೆ, ಅದರಲ್ಲಿ ಹಾಕುತ್ತೇನೆ ಎಂದು ಹೆಸರು, ಊರು, ಫೋನ್ ನಂಬರು ಬರೆದುಕೊಂಡಳು. ತನ್ನ ನಂಬರನ್ನೂ ಒಂದು ಚೀಟಿಯಲ್ಲಿ ಬರೆದು ಕೊಟ್ಟಳು.

ವಾಪಸು ಬರುವ ಬಸ್ಸಿನಲ್ಲಿ ರೊಟ್ಟಿ ಬಿಚ್ಚಿದ. ಹಾಗೇ ಮತ್ತೆ ಕಟ್ಟಿಟ್ಟ.

ಶುಕ್ರವಾರ ಸುರಪುರದ ಬಸ್ಸು ಕುಲುಮೆಯ ಮುಂದೆ ಹಾಯುವ ಹೊತ್ತಿಗೆ ಮೌನೇಶ ಒಳಗೆ ಬಗ್ಗಿ ಇದ್ದಿಲು ಹುಡುಕುತ್ತಿದ್ದ. ಇದ್ದಿಲು ಕಾಲ ಬಳಿಯೇ ಇತ್ತು. ಆಡಬೇಕೆಂದುಕೊಂಡ ಮಾತು ಆಡಲಿಲ್ಲ. ಸಾಬಣ್ಣ ಫರ್ಹತಳನ್ನು ಕಂಡೇ ಕಾಣುತ್ತಾನೆ, ಅವಳು ಫೋಟೋ ತೋರಿಸಿಯೇ ತೋರಿಸುತ್ತಾಳೆ. ತನ್ನ ಕೈಯ ಕುಡಗೋಲನ್ನು ಅವನು ಗುರುತಿಸದೆ ಇರುತ್ತಾನೆಯೇ? ಮುಂದಿನ ನಾಲ್ಕು ದಿನ ಮೌನೇಶ ಜಗಳಕ್ಕೆ ತಯಾರಾದ. ಠಸ್ಸೆ ನಮ್ಮಪ್ಪಂದು, ಕಲಿಸಿದವನು ನಮ್ಮಪ್ಪ, ನಿಂದೇನದಲೇ ಅದರಾಗ, ಎಂದು ಕಬ್ಬಿಣ ಬಡಿಯುತ್ತಲೇ ಒಳಗೊಳಗೆ ಬೈಗುಳ ಜೋಡಿಸಿಕೊಂಡ.

ಇಬ್ಬರೂ ಎದುರಾದದ್ದು ಕರೀಮನ ಗುಜರಿಯಲ್ಲಿ. ಸಾಬಣ್ಣ ಪಟ್ಟಿ ಆರಿಸುತ್ತ ಕುಕ್ಕರುಗಾಲಲ್ಲಿ ಕೂತಿದ್ದ. ಮೌನೇಶನನ್ನು ನೋಡಿ ಎದ್ದು ಕೈ ಒರೆಸಿಕೊಂಡ.

"ಹೈದರಾಬಾದಿಗೆ ಹೋಗಿದ್ದೆಂತಲ್ಲ ಮೌನೇಶಣ್ಣಾ."

ಕರೀಮ ಬಸಿ ಕೆಳಗಿಟ್ಟ. "ಇವನಾ? ಯಾವಾಗ?"

"ನನಗಿಂತ ಎರಡು ದಿನ ಮುಂಚೆ. ಅಲ್ಲಿ ಹುಡುಗಿ ಫೋಟೋ ತೋರಿಸಿದ್ಲು. ಕುಡಗೋಲು ಭಾಳ ಛಲೋ ಅದ ಅಂದ್ಲು." ಸಾಬಣ್ಣ ಒಂದು ಪಟ್ಟಿ ಎತ್ತಿ ಬಾಗಿಸಿ ನೋಡಿದ. "ಹೌದು, ಛಲೋ ಅದ ಅಂತ ನಾನೂ ಅಂದೆ."

"ಮತ್ತೇನಂದಿ?" ಮೌನೇಶನ ಮುಷ್ಟಿ ಬಿಗಿದಿತ್ತು.

"ಮತ್ತೇನಿಲ್ಲ." ಅವನು ಪಟ್ಟಿಯನ್ನು ತಕ್ಕಡಿಯ ಮೇಲಿಟ್ಟ. "ಕಾಳಪ್ಪಜ್ಜನ ಹೆಸರ ಬರಕೊಂಡಾಳ. ಅದು ಛಲೋ ಆತು."

ಮಾಸ್ತರು ಕಾಯುತ್ತಿದ್ದಾರೆಂದು ಹೇಳಿ ಅವನು ಹೊರಟುಹೋದ. ಜೋಡಿಸಿಟ್ಟ ಬೈಗುಳಗಳೆಲ್ಲ ಮೌನೇಶನ ಬಾಯಲ್ಲೇ ಉಳಿದವು. ಸಾಬಣ್ಣ ಬೈದಿದ್ದರೆ, ನಾಲ್ಕು ಜನರ ಮುಂದೆ ಮಾನ ತೆಗೆದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಹೊಡೆದಾಡಿ ಒಂದು ಸಲ ಮುಗಿಸಬಹುದಿತ್ತು. ಕೆಲಸದಲ್ಲಿ ಮುಂದೆ ಇದ್ದವನು ಈಗ ದೊಡ್ಡಸ್ತಿಕೆಯಲ್ಲೂ ಮುಂದೆ ಹೋಗಿ ನಿಂತನಲ್ಲ ಎಂದು ಅವನ ಹೊಟ್ಟೆ ಮತ್ತೊಂದು ಸುತ್ತು ಉರಿಯಿತು.

ಮೌನೇಶ ಶಿರವಾಳದ ಕಡೆಯಿಂದ ಎರೆಮಣ್ಣು ತಂದ. ಬೂದಿ, ಇದ್ದಿಲು ಕಲಸಿದ. ಮೊದಲ ವಾರ ಮಣ್ಣು ಬೆಂಕಿಯಲ್ಲೇ ಉದುರಿತು, ಎರಡನೆಯ ವಾರ ಅಲಗು ಸೊಟ್ಟಗಾಯಿತು. ಇದ್ದಿಲನ್ನು ಬಟ್ಟೆಯಲ್ಲಿ ಸೋಸಿ ಹಾಕಿದ ಮೇಲೆ ಮಣ್ಣು ಹಿಡಿದು ನಿಂತಿತು. ಆ ಸುಗ್ಗಿಯಲ್ಲಿ ಅವನ ಒಂದು ಕುಡಗೋಲೂ ವಾಪಸು ಬರಲಿಲ್ಲ. ಗಿರಾಕಿಗಳು ಹೊಗಳಿದರು. ಅವನು ಅವರ ಮೇಲೂ ರೇಗಿದ: "ಇಷ್ಟು ದಿನ ಕಣ್ಣು ಇದ್ದಿದ್ದಿಲ್ಲೇನು?"

ಆರು ತಿಂಗಳಾದ ಮೇಲೆ ಅಂಚೆಯಲ್ಲಿ ಪುಸ್ತಕ ಬಂತು. ಅದು ಉರ್ದುವಿನಲ್ಲಿತ್ತು. ಕರೀಮನೇ ಓದಿ ಹೇಳಿದ. ಹನ್ನೆರಡನೆಯ ಪುಟದಲ್ಲಿ ಕುಡಗೋಲು ಹಿಡಿದ ಮೌನೇಶ, ಕೆಳಗೆ ಒಂದು ಸಾಲು: ಶಹಾಪುರದ ಮೌನೇಶ ಕಂಬಾರ, ತಂದೆ ಕಾಳಪ್ಪನ ಗುರುತಿನೊಂದಿಗೆ. ಅಪ್ಪನ ಹೆಸರಿನ ಪಕ್ಕದಲ್ಲಿ ತನ್ನ ಹೆಸರು. ಹುಟ್ಟಿದಾಗಿನಿಂದ ಅವನು ಬೇಡಿದ್ದು ಇದೊಂದೇ. ಕರೀಮ ಕನ್ನಡಕ ತೆಗೆದು, "ಇದು ಸಾಬಣ್ಣನ ಮಾಲಲ್ಲೇನಪಾ? ನಾನೇ ಅವನಿಗೆ ಕೊಟ್ಟ ಪಟ್ಟಿ ಇದು, ಬುಡದಾಗ ತೂತು ಅದ ನೋಡು" ಎಂದ. ಮೌನೇಶ ಪುಸ್ತಕ ಕಸಿದುಕೊಂಡು ಬಂದ.

ಮನೆಯಲ್ಲಿ ಅಂಜನಾ ಆ ಪುಟ ನೋಡಿದಳು. ಇಸ್ತ್ರಿ ಅಂಗಿ ನೋಡಿ ಒಂದು ಸಲ ನಕ್ಕಳು, ಆಮೇಲೆ ನಗಲಿಲ್ಲ. ಅವಳಿಗೆ ಅವನು ಎಲ್ಲವನ್ನೂ ಹೇಳಿದ್ದ.

"ಆ ಹುಡುಗಿಗೆ ಒಂದು ಫೋನ್ ಮಾಡ್ರಿ. ಇದು ಸುರಪುರದ ಸಾಬಣ್ಣಂದು ಅಂದ್ರ ಮುಗೀತು. ಎಷ್ಟೊತ್ತಿನ ಮಾತು?"

"ಮಾಡ್ತೀನಿ."

"ಅವನೇನು ಬಾಯಿ ಬಿಟ್ಟು ಕೇಳಂಗಿಲ್ಲ."

"ಕೇಳಂಗಿಲ್ಲ, ಅದಕ್ಕಾ ಸಿಟ್ಟು ಬರ್ತದ ನನಗ" ಎಂದು ಗದರಿ ಎದ್ದುಹೋದ.

ಎರಡು ಸಲ ಆ ನಂಬರು ಒತ್ತಿದ್ದಾನೆ. ಒಮ್ಮೆ ಅವಳು ಎತ್ತಿ "ಹೇಳ್ರಿ ಚಾಚಾ" ಎಂದಳು. ಮಳೆ ಹೇಗಿದೆ, ಅಮ್ಮ ಗುರುಮಠಕಲ್ಲಿಗೆ ಬರುತ್ತಾರೋ ಇಲ್ಲವೋ ಎಂದು ಕೇಳಿ ಇಟ್ಟುಬಿಟ್ಟ. ಸಂತೆಯಲ್ಲಿ ಸಾಬಣ್ಣ ಸಿಕ್ಕರೆ ಇಬ್ಬರೂ ತಲೆಯಾಡಿಸುತ್ತಾರೆ. ಸಾಬಣ್ಣ ಇವನ ಕುಡಗೋಲು ಎತ್ತಿ ಬೆಳಕಿಗೆ ಹಿಡಿದು, "ಹದ ಬಂದದ" ಎಂದು ಕೆಳಗಿಡುತ್ತಾನೆ. ಆಗೆಲ್ಲ ಮೌನೇಶ ಗಿರಾಕಿಯ ಕಡೆ ತಿರುಗಿ ಬೆಲೆಯ ಮಾತು ತೆಗೆಯುತ್ತಾನೆ. ಪುಸ್ತಕದಲ್ಲಿ ಸಾಬಣ್ಣನ ಹೆಸರು ಇರಬೇಕಾದಲ್ಲಿ ನನ್ನದಿದೆ ಎಂಬ ಮಾತನ್ನು ಅವನು ಸಾಬಣ್ಣನಿಗೂ ಹೇಳಿಲ್ಲ, ಹೈದರಾಬಾದಿನ ಫರ್ಹತಳಿಗೂ ಹೇಳಿಲ್ಲ.